ಅಂಟಿಲ್ಲದೆ ನಿಂತ ಕಂಬ: ಮಾನಸಗಂಗೋತ್ರಿಯ ಮೇಷ್ಟ್ರು ಮತ್ತು ತಾವೇ ಜೋಡಿಕೊಳ್ಳೋ ಅಣುಗಳು

ಇವತ್ತು ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ಮನೇಲಿ ಚಿಲ್ಲರೆ ಇದ್ರೆ ತಗೊಳ್ಳಿ, ನಾಣ್ಯಗಳನ್ನ ಒಂದರ ಮೇಲೊಂದು ಇಡ್ತಾ ಹೋಗಿ. ಹದಿನೈದು ಆಗೋಷ್ಟರಲ್ಲಿ ಪುಟ್ಟ ಕಂಬ ಆಗುತ್ತೆ. ಅಂಟು ಹಾಕಿಲ್ಲ, ದಾರ ಪೋಣಿಸಿಲ್ಲ. ಆದ್ರೂ ದೂರದಿಂದ ಒಂದೇ ಉದ್ದನೆ ವಸ್ತು ಥರ ಕಾಣುತ್ತೆ. ಈಗ ಯೋಚನೆ ಮಾಡಿ: ನೀವು ಕೈ ಹಾಕದೆ, ನಾಣ್ಯಗಳೇ ಬಂದು ಹೀಗೆ ಪೇರಿಸಿಕೊಂಡ್ರೆ?

ಅಣುಗಳ ಲೋಕದಲ್ಲಿ ಇದು ನಿಜವಾಗ್ಲೂ ನಡೆಯುತ್ತೆ. ಅದನ್ನ ಜಗತ್ತಿಗೆ ತೋರಿಸಿಕೊಟ್ಟವರು ಹತ್ತು ವರ್ಷ ನಮ್ಮ ಮೈಸೂರಲ್ಲಿ ಮೇಷ್ಟ್ರಾಗಿದ್ರು.

ಹೋದ ತಿಂಗಳು ಕೇಳುಗರೊಬ್ಬರು ಮೆಸೇಜ್ ಮಾಡಿದ್ರು: ‘ಯಾವಾಗ್ಲೂ ಅರಮನೆ, ದಸರಾ ಕಥೆನೇ ಹೇಳ್ತೀರ. ಮೈಸೂರಲ್ಲಿ ವಿಜ್ಞಾನಕ್ಕೆ ಇತಿಹಾಸ ಇಲ್ವಾ?’ ನಾನು ಓದಿದ್ದು ಬಿ.ಕಾಂ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಎಷ್ಟೋ ಸಲ ವಾಕ್ ಮಾಡಿದ್ದೀನಿ. ಪಕ್ಕದಲ್ಲೇ ಇರೋ ಮಾನಸಗಂಗೋತ್ರಿಯಲ್ಲಿ ಏನಾಗಿತ್ತು ಅಂತ ಮಾತ್ರ ನನಗೂ ಗೊತ್ತಿರಲಿಲ್ಲ. ಉತ್ತರ ಹುಡುಕ್ತಾ ಸಿಕ್ಕಿದ ಹೆಸರು ಎಸ್. ಚಂದ್ರಶೇಖರ್.

ನಿಲ್ಲಿ, ಗೂಗಲ್ ಮಾಡಿದ್ರೆ ಮೊದಲು ಬರೋರು ಬೇರೆ ಚಂದ್ರಶೇಖರ್. ನಕ್ಷತ್ರಗಳ ಬಗ್ಗೆ ಕೆಲಸ ಮಾಡಿ 1983ರಲ್ಲಿ ನೊಬೆಲ್ ಪಡೆದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ನಮ್ಮವರು ಶಿವರಾಮಕೃಷ್ಣ ಚಂದ್ರಶೇಖರ್. ತಮಾಷೆ ಅಂದ್ರೆ ಇಬ್ಬರಿಗೂ ಸಿ.ವಿ. ರಾಮನ್ ಹತ್ತಿರದ ಸಂಬಂಧ: ನೊಬೆಲ್‌ನವರಿಗೆ ಚಿಕ್ಕಪ್ಪ, ನಮ್ಮವರಿಗೆ ಸೋದರಮಾವ.

ನಮ್ಮ ಚಂದ್ರಶೇಖರ್ ಹುಟ್ಟಿದ್ದು 1930ರಲ್ಲಿ, ಕಲ್ಕತ್ತದಲ್ಲಿ. ಬೆಂಗಳೂರಲ್ಲಿ ರಾಮನ್ ಬಳಿ ಸಂಶೋಧನೆ, ಆಮೇಲೆ ಕೇಂಬ್ರಿಡ್ಜ್. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಬಂದು ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದ್ರು. ಕುವೆಂಪು ಕುಲಪತಿಯಾಗಿದ್ದಾಗ ಕಟ್ಟಿ, ಹೆಸರಿಟ್ಟ ಮಾನಸಗಂಗೋತ್ರಿ ಆಗಿನ್ನೂ ಹೊಚ್ಚ ಹೊಸದು. ಅವರ ತಮ್ಮ ಎಸ್. ಪಂಚರತ್ನಂ ಕೂಡ ಕೆಲವು ವರ್ಷ ಇಲ್ಲೇ ರೀಡರ್ ಆಗಿದ್ರು. ಬೆಳಕಿನ ಬಗ್ಗೆ ಅಪರೂಪದ ಕೆಲಸ ಮಾಡಿದ ಆತ 1969ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ತೀರಿಕೊಂಡ್ರು. ವಯಸ್ಸು ಬರೀ 35.

ಮೈಸೂರಲ್ಲಿ ಚಂದ್ರಶೇಖರ್ ಕೈಗೆತ್ತಿಕೊಂಡ ವಿಷಯ ಲಿಕ್ವಿಡ್ ಕ್ರಿಸ್ಟಲ್, ಅಂದ್ರೆ ದ್ರವ ಸ್ಫಟಿಕ. ನಿಮ್ಮ ಕ್ಯಾಲ್ಕುಲೇಟರ್‌ನ ಎಲ್‌ಸಿಡಿ ಪರದೆಯೊಳಗೆ ಇರೋದು ಇದೇ. ನೀರಿನ ಹಾಗೆ ಹರಿಯುತ್ತೆ, ಆದ್ರೆ ಒಳಗಿನ ಅಣುಗಳಿಗೆ ಹರಳಿನಲ್ಲಿರೋ ಥರ ಒಂದು ಶಿಸ್ತು ಇರುತ್ತೆ. ಇದನ್ನ ಮೊದಲು ಗಮನಿಸಿದ್ದು 1888ರಲ್ಲಿ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಫ್ರೀಡ್ರಿಕ್ ರೈನಿಟ್ಜರ್. ಅಲ್ಲಿಂದ ಮುಂದೆ ಒಂದು ನಂಬಿಕೆ ಗಟ್ಟಿಯಾಯ್ತು: ದ್ರವ ಸ್ಫಟಿಕ ಆಗ್ಬೇಕಾದ್ರೆ ಅಣು ಕಡ್ಡಿ ಥರ ಉದ್ದಕ್ಕೆ ಇರಬೇಕು. ಬೆಂಕಿಪೊಟ್ಟಣದಲ್ಲಿ ಕಡ್ಡಿಗಳು ಒಂದೇ ದಿಕ್ಕಿಗೆ ಮಲಗಿರ್ತಾವಲ್ಲ, ಹಾಗೆ. ಸಾವಿರಾರು ಸಂಯುಕ್ತ ತಯಾರಾದವು, ಹೆಚ್ಚುಕಡಿಮೆ ಎಲ್ಲವೂ ಕಡ್ಡಿಗಳೇ.

ಚಂದ್ರಶೇಖರ್ ಪ್ರಶ್ನೆ ಸರಳವಾಗಿತ್ತು. ಕಡ್ಡಿ ಬದಲು ಬಿಲ್ಲೆ ಇದ್ರೆ?

ರಾಮನ್ 1970ರ ನವೆಂಬರ್‌ನಲ್ಲಿ ತೀರಿಕೊಂಡ್ರು. ಮಾರನೇ ವರ್ಷ ಚಂದ್ರಶೇಖರ್ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋಗಿ ದ್ರವ ಸ್ಫಟಿಕಗಳ ಪ್ರಯೋಗಾಲಯ ಕಟ್ಟಿದ್ರು. ಮೈಸೂರಿನ ಶಿಷ್ಯರು ಕೆಲವರು ಜೊತೆಗೇ ಹೋದ್ರು. ಅಲ್ಲಿ ರಸಾಯನ ವಿಜ್ಞಾನಿ ಬಿ.ಕೆ. ಸದಾಶಿವ ಅವರ ಕೈಯಲ್ಲಿ ಬಿಲ್ಲೆಯಾಕಾರದ ಅಣುಗಳು ತಯಾರಾದವು. ನಡುವೆ ಚಪ್ಪಟೆಯಾದ ಬೆಂಜೀನ್ ಉಂಗುರ, ಅದರ ಸುತ್ತ ಆರು ಬಾಲ. ಚಂದ್ರಶೇಖರ್, ಸದಾಶಿವ, ಕೆ.ಎ. ಸುರೇಶ್ ಮೂವರೂ ಅದನ್ನ ಬಿಸಿ ಮಾಡಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಎಕ್ಸ್-ರೇ ಹಾಯಿಸಿದ್ರು. ಬಿಲ್ಲೆಗಳು ಒಂದರ ಮೇಲೊಂದು ಪೇರಿಕೊಂಡು ಕಂಬಗಳಾಗಿದ್ವು! ಆ ಕಂಬಗಳು ಜೇನುಗೂಡಿನ ಕಣಗಳ ಹಾಗೆ ಅಕ್ಕಪಕ್ಕ ನಿಂತಿದ್ವು.

1977ರಲ್ಲಿ ಈ ಫಲಿತಾಂಶ ಅಚ್ಚಾಯ್ತು. ಎಲ್ಲಿ ಗೊತ್ತಾ? ‘ಪ್ರಮಾಣ’ದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರೋ, ಆಗಿನ್ನೂ ಹೊಸದಾಗಿದ್ದ ಪತ್ರಿಕೆ. ದೊಡ್ಡ ಸಂಶೋಧನೆ ಅಂದ್ರೆ ವಿದೇಶಿ ಜರ್ನಲ್‌ನಲ್ಲೇ ಬರಬೇಕು ಅಂತ ಈಗಲೂ ಅಂದ್ಕೋತೀವಿ. ಇಲ್ಲಿ ಜಗತ್ತೇ ‘ಪ್ರಮಾಣ’ದ ಪುಟ ಹುಡುಕಿಕೊಂಡು ಬಂತು. ಕಡ್ಡಿಗಳ ಜೊತೆ ಬಿಲ್ಲೆಗಳ ಹೊಸ ವಿಭಾಗವೇ ತೆರೆದುಕೊಳ್ತು.

ಸರಿ, ಇದಕ್ಕೂ ಜೀವಕ್ಕೂ ಏನು ಸಂಬಂಧ? ನಮ್ಮ ಡಿಎನ್‌ಎ ನೆನಪಿಸಿಕೊಳ್ಳಿ. ತಿರುಚಿದ ಏಣಿ ಅಂತ ಶಾಲೇಲಿ ಹೇಳ್ಕೊಟ್ಟಿದ್ರು. ಏಣಿಯ ಮೆಟ್ಟಿಲುಗಳು ಚಪ್ಪಟೆ ಅಣುಗಳು, ಒಂದರಿಂದ ಇನ್ನೊಂದಕ್ಕೆ 0.34 ನ್ಯಾನೊಮೀಟರ್ ದೂರ. ಏಣಿ ಗಟ್ಟಿಯಾಗಿ ನಿಲ್ಲೋದಕ್ಕೆ ಈ ಪೇರಿಕೆಯ ಸೆಳೆತವೇ ದೊಡ್ಡ ಕಾರಣ. ಅಂದ್ರೆ ಡಿಎನ್‌ಎ ಒಳಗೂ ಬಿಲ್ಲೆಗಳ ಕಂಬ ಇದೆ, ಆಚೀಚೆ ಎರಡು ಗಟ್ಟಿ ದಾರ ಸೇರಿಕೊಂಡಿದೆ ಅಷ್ಟೇ. ಚಂದ್ರಶೇಖರ್ ಅವರ ಕಂಬಕ್ಕೆ ದಾರವೇ ಇಲ್ಲ. ಡಿಎನ್‌ಎ ಥರ ಅದು ಸಂದೇಶ ಹೊರಲ್ಲ, ಆದ್ರೆ ಮೈಕಟ್ಟು ಒಂದೇ ಜಾತಿಯದು.

2007ರಲ್ಲಿ, ಸರಿಯಾಗಿ 30 ವರ್ಷಕ್ಕೆ, ಅಮೆರಿಕದ ನೋಯಲ್ ಕ್ಲಾರ್ಕ್ ಮತ್ತು ಇಟಲಿಯ ಟೊಮಾಸೊ ಬೆಲ್ಲಿನಿ ತಂಡಗಳು ಡಿಎನ್‌ಎಯ ತುಂಡುಗಳನ್ನೇ ತಗೊಂಡವು. ಒಂದೊಂದು ತುಂಡಲ್ಲಿ 6ರಿಂದ 20 ಮೆಟ್ಟಿಲು ಮಾತ್ರ. ದಟ್ಟವಾಗಿ ನೀರಲ್ಲಿ ಕರಗಿಸಿಟ್ರೆ ಆ ತುಂಡುಗಳು ತುದಿಗೆ ತುದಿ ಕೂಡಿಕೊಂಡು ಕಂಬಗಳಾದವು, ದ್ರವ ಸ್ಫಟಿಕವಾದವು. ಜೀವ ಇನ್ನೂ ಹುಟ್ಟದ ಕಾಲದಲ್ಲಿ ಚಿಕ್ಕ ತುಂಡುಗಳು ಮೊದಲು ಹೀಗೆ ಸಾಲಾಗಿ ನಿಂತು, ಆಮೇಲೆ ಬೆಸೆದು ಉದ್ದವಾಗಿರಬಹುದಾ? ಇದು ಆ ತಂಡದವರು ಮುಂದಿಟ್ಟ ಊಹೆ. ಸಾಬೀತಾಗಿಲ್ಲ. ಆದ್ರೆ ಪ್ರಶ್ನೆ ಕೇಳೋ ಹಾಗಾಯ್ತಲ್ಲ, ಅದು ದೊಡ್ಡದು.

ಚಂದ್ರಶೇಖರ್ 1983ರಲ್ಲಿ ರಾಯಲ್ ಸೊಸೈಟಿ ಫೆಲೋ ಆದ್ರು, 1998ರಲ್ಲಿ ಪದ್ಮಭೂಷಣ ಬಂತು, 2004ರ ಮಾರ್ಚ್‌ನಲ್ಲಿ ತೀರಿಕೊಂಡ್ರು. ಬಿಲ್ಲೆ ಅಣುಗಳ ತೆಳು ಪೊರೆ ಮುಂದೆ ಎಲ್‌ಸಿಡಿ ಪರದೆಗಳಿಗೂ ಸೇರ್ತು, ಪಕ್ಕದಿಂದ ನೋಡಿದ್ರೂ ಚಿತ್ರ ಕೆಡದ ಹಾಗೆ.

ಮೆಸೇಜ್ ಮಾಡಿದ ಕೇಳುಗರಿಗೆ ನನ್ನ ಉತ್ತರ ಇಷ್ಟು. ಮೈಸೂರಲ್ಲಿ ವಿಜ್ಞಾನಕ್ಕೆ ಇತಿಹಾಸ ಇದೆ, ಅದಕ್ಕೆ ಟಿಕೆಟ್ ಕೌಂಟರ್ ಇಲ್ಲ ಅಷ್ಟೇ. ಮುಂದಿನ ಸಲ ಮಾನಸಗಂಗೋತ್ರಿ ದಾಟುವಾಗ ಭೌತಶಾಸ್ತ್ರ ವಿಭಾಗದ ಕಡೆ ಒಂದ್ಸಲ ತಿರುಗಿ ನೋಡಿ. ಆ ನಾಣ್ಯದ ಕಂಬ ಇನ್ನೂ ಟೇಬಲ್ ಮೇಲೆ ನಿಂತಿದ್ರೆ, ಅದನ್ನ ಯಾರಿಗಾದ್ರೂ ತೋರಿಸಿ ಈ ಕಥೆ ಹೇಳಿ. ಮುಂದಿನ ವಾರ ಸಿಗೋಣ.