ಕುಮಟಾದ ಬಂದರು, ಎರೆ ಸೀಮೆಯ ಹತ್ತಿ

ಕರಾವಳಿಯಲ್ಲಿ ಹೊಸ ಬಂದರಿನ ಮಾತು ಎದ್ದಾಗಲೆಲ್ಲ ಕುಮಟಾದ ಹೆಸರು ಬರುತ್ತದೆ. ಒಂದು ಕಾಲಕ್ಕೆ ಅಲ್ಲಿಂದ ಹಡಗುಗಟ್ಟಲೆ ಹತ್ತಿ ಹೋಗುತ್ತಿತ್ತಂತೆ, ರೈಲು ಬಂದು ಬಂದರು ಸತ್ತಿತಂತೆ, ಈಗ ಧಕ್ಕೆ ಕಟ್ಟಿ ಘಟ್ಟದ ರಸ್ತೆ ಅಗಲ ಮಾಡಿದರೆ ಆ ವೈಭವ ಮರಳುತ್ತದಂತೆ. ಭಾಷಣಗಳಲ್ಲೂ ಪತ್ರಿಕೆಗಳ ವಿಶೇಷ ಪುರವಣಿಗಳಲ್ಲೂ ಈ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಹೊಂಬಳದಲ್ಲಿ ಹುಟ್ಟಿ, ಗದಗಿನ ಹತ್ತಿ ಪೇಟೆಯಲ್ಲಿ ಅರಳೆಯ ಎಳೆ ಎಳೆದು ದರ್ಜೆ ನೋಡುತ್ತಲೇ ಆಯುಷ್ಯ ಕಳೆದ ನನಗೆ ಇದನ್ನು ಸುಮ್ಮನೆ ಕೇಳಿಕೊಂಡಿರಲು ಆಗುವುದಿಲ್ಲ. ಕುಮಟಾದಿಂದ ಹೋದ ಹತ್ತಿಯ ಒಂದು ಗಿಡವೂ ಕುಮಟಾದಲ್ಲಿ ಬೆಳೆದದ್ದಲ್ಲ. ಅದು ಬೆಳೆದದ್ದು ಧಾರವಾಡ, ನವಲಗುಂದ, ಅಣ್ಣಿಗೇರಿ, ಗದಗು, ಲಕ್ಷ್ಮೇಶ್ವರ, ಡಂಬಳಗಳ ಎರೆ ಹೊಲದಲ್ಲಿ. ಕಾಳು ಬೇರೆಯಾದದ್ದು ಇಲ್ಲಿನ ಮನೆಗಳ ಪಡಸಾಲೆಯಲ್ಲಿ. ಆ ಬಂದರಿನ ಉದ್ದಿಮೆಗಳು ಏನಾದವು ಎಂದು ತಿಳಿಯಬೇಕಾದವರು ಕಡಲಿಗೆ ಬೆನ್ನು ಮಾಡಿ ಇನ್ನೂರು ಕಿಲೋಮೀಟರಿಗೂ ಮಿಕ್ಕಿ ಒಳಗೆ ನಡೆದು ಬರಬೇಕು.

ಹತ್ತಿಗಿಂತ ಮೊದಲಿನ ಕಾಲವನ್ನು ಬೇಗ ದಾಟಬಹುದು. ಅಘನಾಶಿನಿಯ ದಂಡೆಯ ಮಿರ್ಜಾನದ ಕೋಟೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಪೋರ್ಚುಗೀಸರು ಅವಳಿಂದ ಕೊಂಡ ಕಾಳುಮೆಣಸು, ಇವುಗಳ ಬಗ್ಗೆಯೆಲ್ಲ ಈಗಾಗಲೇ ಸಾಕಷ್ಟು ಬರೆದಾಗಿದೆ. ಮೆಣಸು ಘಟ್ಟದ ತೋಟದಿಂದ ಇಳಿದು ಹೊಳೆಯ ದೋಣಿ ಏರುತ್ತಿತ್ತು. ಬಯಲು ಸೀಮೆಗೂ ಅದಕ್ಕೂ ಹೆಚ್ಚಿನ ಸಂಬಂಧವಿರಲಿಲ್ಲ. ಗಂಧದ ಕೆತ್ತನೆಯ ಗುಡಿಗಾರರು ಕುಮಟಾಕ್ಕೆ ಬೇರೊಂದು ಹೆಸರು ತಂದರು. ಅವರದು ಬೇರೆಯೇ ಲೇಖನಕ್ಕೆ ಯೋಗ್ಯವಾದ ವಿಷಯ.

ನಮ್ಮ ಜವಾರಿ ಹತ್ತಿಗೆ ಮುಂಬಯಿಯ ಪೇಟೆಯಲ್ಲೂ ಲಿವರ್‌ಪೂಲಿನಲ್ಲೂ 'ಕುಮಟಾ' ಎಂದೇ ಹೆಸರು ಬಿತ್ತು. ಆಳವಾಗಿ ಬೇರು ಬಿಟ್ಟು, ಮಳೆ ತಪ್ಪಿದರೂ ಹಿಂಗಾರಿಯ ಇಬ್ಬನಿಯಲ್ಲೇ ನಿಂತುಕೊಂಡು, ಶಿವರಾತ್ರಿಯ ಹೊತ್ತಿಗೆ ಬಿಡಿಸಲು ಬರುವ ಗಿಡ ಅದು. ಅದರ ಪಕ್ಕದಲ್ಲಿ 1840ರ ದಶಕದಲ್ಲಿ ಇನ್ನೊಂದು ಹತ್ತಿ ಬಂದು ನಿಂತಿತು. ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನು ಕರೆಸಿ ದೇಶದ ಹಲವೆಡೆ ಪ್ರಯೋಗ ಮಾಡಿಸಿತು. ಬಹಳ ಕಡೆ ಅದು ಸೋತಿತು. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಬಿತ್ತಿದ್ದು ಮಾತ್ರ ಬೇರೂರಿ, ಧಾರವಾಡದ ಕಲೆಕ್ಟರ್ ಶಾ ಅವರ ಒತ್ತಾಸೆಯಿಂದ ರೈತರ ಹೊಲಕ್ಕೆ ಹಬ್ಬಿತು. 'ಧಾರವಾಡ-ಅಮೆರಿಕನ್' ಎಂಬ ಆ ತಳಿಗೆ ಗದಗು-ಡಂಬಳದ ಕಡೆಯ ಮಣ್ಣು ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು.

ಎರಡು ಹತ್ತಿ ಎಂದರೆ ಎರಡು ಬಗೆಯ ಕೆಲಸ. ಇದನ್ನು ಬರೆದವರು ಕಡಿಮೆ. ಜವಾರಿ ಹತ್ತಿಯ ಕಾಳು ಬಿಡಿಸಲು ಹೆಣ್ಣುಮಕ್ಕಳು ಗಿಡ್ಡ ಮಣೆಯ ಮೇಲೆ ಕೂತು, ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಕಬ್ಬಿಣದ ಸಲಾಕೆಯನ್ನು ಪಾದದಿಂದ ಮುಂದಕ್ಕೂ ಹಿಂದಕ್ಕೂ ಉರುಳಿಸುತ್ತಿದ್ದರು. ಕಾಳು ಮುಂದೆ ಜಾರುತ್ತಿತ್ತು, ಅರಳೆ ಹಿಂದೆ ಉಳಿಯುತ್ತಿತ್ತು. ಎಳೆ ಕಡಿಯುತ್ತಿರಲಿಲ್ಲ, ಆದರೆ ಕೆಲಸ ಬಹಳ ನಿಧಾನ. ನಾಲ್ಕು ಪಾಲು ಹತ್ತಿಗೆ ಒಂದು ಪಾಲು ಅರಳೆ ಸಿಕ್ಕರೆ ಹೆಚ್ಚು. ಅಮೆರಿಕನ್ ಹತ್ತಿಯ ಕಾಳಿಗೆ ತುಪ್ಪಳು ಅಂಟಿಕೊಂಡಿರುವುದರಿಂದ ಸಲಾಕೆಗೆ ಅದು ಬಗ್ಗಲಿಲ್ಲ. ಅದಕ್ಕೆ ಗರಗಸದ ಹಲ್ಲಿನ ಜಿನ್ನು ಬೇಕಾಯಿತು. ಆ ಜಿನ್ನುಗಳನ್ನು ಮಾಡಲು, ರಿಪೇರಿ ಮಾಡಲು ಸರಕಾರ ಧಾರವಾಡದಲ್ಲೇ ಕಾರ್ಖಾನೆ ನಡೆಸಿತು. ಬಡಗಿ, ಕಂಬಾರರ ಕೈಗೆ ಯಂತ್ರದ ಕೆಲಸ ಹತ್ತಿದ್ದು ಹೀಗೆ. ಒಂದು ಹತ್ತಿ ಹೆಣ್ಣುಮಕ್ಕಳ ಪಾದದಲ್ಲಿ, ಇನ್ನೊಂದು ಕಂಬಾರನ ಯಂತ್ರದಲ್ಲಿ, ಎರಡೂ ಕೊನೆಗೆ ಕುಮಟಾದ ದಾರಿ ಹಿಡಿಯುತ್ತಿದ್ದವು.

ಆ ದಾರಿಯನ್ನು ಋತುಮಾನ ಆಳುತ್ತಿತ್ತು. ಹತ್ತಿ ಬಿಡಿಸಿ ಮುಗಿಯುವಷ್ಟರಲ್ಲಿ ಯುಗಾದಿ ಬರುತ್ತಿತ್ತು. ಮಿರಗ ಹುಟ್ಟಿದರೆ ಕಡಲು ಮುಚ್ಚಿದಂತೆ. ನಡುವಿನ ವಾರಗಳಲ್ಲೇ ಕಾಳು ತೆಗೆದು, ಅಂಡಿಗೆ ಕಟ್ಟಿ, ಚಕ್ಕಡಿಗಳ ಸಾಲು ಹುಬ್ಬಳ್ಳಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದು ಮಚವೆಗಳಿಗೆ ಸರಕು ಒಪ್ಪಿಸಬೇಕಿತ್ತು. ತಡವಾದ ಮಾಲು ದಾರಿಯಲ್ಲೇ ತೊಯ್ಯುತ್ತಿತ್ತು. ಮರಳುವ ಗಾಡಿಗಳು ಉಪ್ಪು, ತೆಂಗು, ಒಣಮೀನು ಹೇರಿಕೊಂಡು ಬರುತ್ತಿದ್ದವು. ಕುಮಟಾದ ಹಮಾಲಿ, ದಲಾಲಿ, ಗೋದಾಮು, ದೋಣಿ ಎಲ್ಲವೂ ಈ ಕೆಲವು ವಾರಗಳ ಮೇಲೆ ನಿಂತಿದ್ದವು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಸುರುವಾಗಿ ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ನಿಂತದ್ದೇ ತಡ, ಎಲ್ಲರ ಕಣ್ಣು ಧಾರವಾಡ ಜಿಲ್ಲೆಯ ಮೇಲೆ ಬಿತ್ತು. ಮ್ಯಾಂಚೆಸ್ಟರಿನವರು ಕಂಪನಿ ಕಟ್ಟಿಕೊಂಡು ಕಾರವಾರದ ಎದುರಿನ ಸದಾಶಿವಗಡಕ್ಕೆ ಯಂತ್ರ ಇಳಿಸಲು ಬಂದರು. ಅವರ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡ ಮದರಾಸು ಪ್ರಾಂತ ಬಿಟ್ಟು ಮುಂಬಯಿಗೆ ಸೇರಿತು. ಕಾರವಾರವನ್ನು ಹತ್ತಿಯ ದೊಡ್ಡ ಬಂದರು ಮಾಡುವ ಮನಸ್ಸು ಅದರ ಹಿಂದಿತ್ತು. ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. ಬೆಲೆ ಏರಿದಾಗ ಎರಡು ಹತ್ತಿ ಬೆರೆಸುವುದು, ಕಾಳು ಬಿಡುವುದು, ನೀರು ಚಿಮುಕಿಸುವುದು ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬಯಿ ಸರಕಾರ ಹತ್ತಿ ಮೋಸದ ವಿರುದ್ಧ ಕಾಯಿದೆಯನ್ನೇ ತಂದಿತು. ಸರಕಾರದ ಕಡತಗಳು ಮೋಸಕ್ಕೆ ರೈತನನ್ನೂ ಹಳ್ಳಿಯ ಸಾವಕಾರನನ್ನೂ ದೂರುತ್ತವೆ. ದರ ದಿನಕ್ಕೊಂದು ಬಗೆಯಾಗಿ ಏರಿಸಿ, ಯುದ್ಧ ಮುಗಿದ ಕೂಡಲೇ ಕೈಬಿಟ್ಟವರ ಲೆಕ್ಕ ಅದರಲ್ಲಿಲ್ಲ.

ಇನ್ನು ರೈಲಿನ ಮಾತು. 1876–78ರ ಬರದಲ್ಲಿ ಈ ಸೀಮೆಗೆ ಧಾನ್ಯ ತಲುಪಿಸುವುದು ಎಷ್ಟು ಕಷ್ಟ ಎಂಬುದು ಕಂಡ ಮೇಲೆ ಸದರ್ನ್ ಮರಾಠಾ ರೈಲ್ವೆಯ ಕೆಲಸಕ್ಕೆ ವೇಗ ಬಂತು. 1880ರ ದಶಕದ ನಡುವೆ ಗದಗು ಜಂಕ್ಷನ್ ಆಯಿತು: ಒಂದು ಕಡೆ ಬಳ್ಳಾರಿ, ಒಂದು ಕಡೆ ಹುಬ್ಬಳ್ಳಿ, ಉತ್ತರಕ್ಕೆ ಹೊಟಗಿ. 1888ರಲ್ಲಿ ಕ್ಯಾಸಲ್‌ರಾಕ್ ದಾಟಿ ಮುರಗಾಂವಿನ ಬಂದರಿನವರೆಗೆ ಹಳಿ ಕೂಡಿತು. ಕುಮಟಾದ ಚಕ್ಕಡಿ ದಾರಿ ಬರಿದಾಯಿತು ಎಂಬುದು ನಿಜ. ಬಂದರು ಬದಲಾದದ್ದು ಮಾತ್ರ ಅರ್ಧ ಸಂಗತಿ. ಹಳಿಯ ಜೊತೆ ಉಗಿ ಎಂಜಿನ್ನು ಬಂತು, ಎಂಜಿನ್ನಿನ ಜೊತೆ ಜಿನ್ನಿಂಗ್ ಫ್ಯಾಕ್ಟರಿಯೂ ಪ್ರೆಸ್ಸೂ ಬಂದವು. ಪಡಸಾಲೆಯ ಕೆಲಸ ಎದ್ದು ಗದಗು-ಬೆಟಗೇರಿಯ ಸ್ಟೇಶನ್ ಬದಿಗೆ ಹೋಯಿತು. ಕಲ್ಲು-ಸಲಾಕೆ ಹಿಡಿದ ಹೆಣ್ಣುಮಗಳ ಹಂಗಾಮಿನ ಗಳಿಕೆಯೂ ಕುಮಟಾದ ಹಮಾಲನ ಗಳಿಕೆಯೂ ಒಂದೇ ಹೊತ್ತಿಗೆ ಕೈಬಿಟ್ಟವು. ಹಮಾಲನ ನಷ್ಟ ಗೆಜೆಟಿಯರಿನಲ್ಲಿ 'ಬಂದರಿನ ಅವನತಿ' ಎಂದು ದಾಖಲಾಯಿತು. ಅವಳದು ಎಲ್ಲೂ ದಾಖಲಾಗಲಿಲ್ಲ.

ಗದಗು ಹತ್ತಿಯ ಊರಾಯಿತು. ಅಡತಿ ಅಂಗಡಿ, ಹತ್ತಿಕಾಳಿನ ಎಣ್ಣೆ ಗಾಣ, ಬೆಟಗೇರಿಯ ಮಗ್ಗ, ಪೇಟೆಯ ರೊಕ್ಕದ ಮೇಲೆ ಬೆಳೆದ ಮುದ್ರಣಾಲಯಗಳು, ಇವೆಲ್ಲ ಒಂದರ ಬೆನ್ನಿಗೆ ಒಂದು ಬಂದವು. ಸಾಲ ಕೊಟ್ಟವನಿಗೇ ಹತ್ತಿ ಅಳೆಯಬೇಕಾದ ರೈತನ ಕಷ್ಟಕ್ಕೆ ಉತ್ತರವೂ ಇಲ್ಲೇ ಹುಟ್ಟಿತು. 1905ರಲ್ಲಿ ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಪತ್ತಿನ ಸಂಘ ದೇಶಕ್ಕೇ ಮೊದಲನೆಯದು. ಮುಂದೆ ಹತ್ತಿ ಮಾರಾಟದ ಸಹಕಾರಿ ಸಂಘಗಳು ಹುಬ್ಬಳ್ಳಿ, ಗದಗಿನಲ್ಲಿ ಎದ್ದು, ಮಾಲನ್ನು ದರ್ಜೆವಾರು ಬೇರ್ಪಡಿಸಿ ಬಹಿರಂಗ ಹರಾಜಿಗೆ ಇಟ್ಟವು. ಕೈವಸ್ತ್ರದ ಕೆಳಗೆ ಬೆರಳು ಹಿಡಿದು ದರ ಮಾಡುವ ಪದ್ಧತಿಗೆ ಬಿದ್ದ ಮೊದಲ ಪೆಟ್ಟು ಅದು. 1863ರ ಕಾಯಿದೆ ಮಾಡಲಾಗದ್ದನ್ನು ಈ ಸಂಘಗಳು ಮಾಡಿದವು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಹತ್ತಿಯ ತಳಿ ಸುಧಾರಿಸಿದ ಧಾರವಾಡದ ಸರಕಾರಿ ಫಾರ್ಮಿನ ಪರಂಪರೆಗೆ ಬರುತ್ತೇನೆ. ಇದರ ಬಗ್ಗೆ ವಿಸ್ತಾರವಾಗಿ ಹೇಳುವುದು ನನ್ನ ಹೊಣೆ ಎಂದು ತಿಳಿದಿದ್ದೇನೆ, ಏಕೆಂದರೆ ನಮ್ಮ ಪೀಳಿಗೆಯ ಅನ್ನ ಅಲ್ಲಿಂದ ಬಂದದ್ದು. 1920ರ ಹೊತ್ತಿಗೆ ಜಿ. ಎಲ್. ಕೊಟ್ಟೂರರು ಕುಮಟಾ ಹತ್ತಿಯ ಸುಧಾರಣೆಯ ಬಗ್ಗೆ ಬರೆದ ಪ್ರಬಂಧ ಕೃಷಿ ಇಲಾಖೆಯ ಮಾಲೆಯಲ್ಲಿ ಅಚ್ಚಾಯಿತು. ಪರದೇಶದ ಬೀಜ ತಂದು ಸುರಿಯುವ ಹವ್ಯಾಸದ ಕಾಲದಲ್ಲಿ ಅವರು ರೈತನ ಹೊಲದ ಜವಾರಿ ಗಿಡದಲ್ಲೇ ಒಳ್ಳೆಯದನ್ನು ಆರಿಸಿದರು. ಹೆಚ್ಚು ಅರಳೆ ಕೊಡುವ ಗಿಡ ಸೊರಗು ರೋಗಕ್ಕೆ ಬೀಳುತ್ತಿತ್ತು. ರೋಗ ತಡೆಯುವ ಗಿಡದೊಡನೆ ಅದನ್ನು ಕೂಡಿಸಿದ ಕೆಲಸದಿಂದ 'ಜಯವಂತ' ಬಂತು, ಅದರ ಹಾದಿಯಲ್ಲೇ 'ಜಯಧರ'. ಅಮೆರಿಕನ್ ಸಾಲಿನಲ್ಲಿ 'ಗದಗ 1', ಅದನ್ನು ಕಾಂಬೋಡಿಯಾ ಹತ್ತಿಯೊಡನೆ ಕೂಡಿಸಿ 'ಲಕ್ಷ್ಮಿ'. ಪ್ರತಿಯೊಂದರ ಹಿಂದೆ ಹತ್ತಾರು ಹಂಗಾಮಿನ ತಾಳ್ಮೆ ಇದೆ. ಕಂಪನಿ ಇರಲಿಲ್ಲ, ಜಾಹೀರಾತು ಇರಲಿಲ್ಲ. ಬೀಜವನ್ನು ರೈತ ಮರುವರ್ಷಕ್ಕೆ ತಾನೇ ಇಟ್ಟುಕೊಳ್ಳಬಹುದಿತ್ತು.

1972ರಲ್ಲಿ ಬಿ. ಎಚ್. ಕಟರಕಿಯವರು ಲಕ್ಷ್ಮಿಗೆ ಉದ್ದನೆಯ ಎಳೆಯ ಬೇರೆ ಜಾತಿಯ ಹತ್ತಿಯನ್ನು ಕೂಡಿಸಿ 'ವರಲಕ್ಷ್ಮಿ' ಹೊರತಂದರು. ಎರಡು ಜಾತಿಗಳ ನಡುವಿನ ಹೈಬ್ರಿಡ್ ಹತ್ತಿ ರೈತರ ಹೊಲಕ್ಕೆ ಇಳಿದದ್ದು ಅದೇ ಮೊದಲು. ಆ ವರ್ಷಗಳಲ್ಲಿ ಗದಗಿನ ಪೇಟೆಗೆ ಬಂದ ಅರಳೆಯನ್ನು ಬೆರಳಲ್ಲಿ ಎಳೆದವರಿಗೆ ಮರೆಯಲು ಸಾಧ್ಯವಿಲ್ಲ. ಈಜಿಪ್ತಿನಿಂದ ತರಿಸುತ್ತಿದ್ದ ನಯವಾದ ನೂಲಿಗೆ ತಕ್ಕ ಉದ್ದದ ಎಳೆ ಮಲಪ್ರಭಾ ಕಾಲುವೆಯ ನೀರಲ್ಲಿ ಬೆಳೆದು ಬಂದಿತ್ತು. ಕೊಯಮತ್ತೂರಿನ ಗಿರಣಿಯವರು ಗದಗು, ಹುಬ್ಬಳ್ಳಿಯಲ್ಲಿ ಬಿಡಾರ ಹೂಡಿದರು. ಹೊಸ ಮನೆ, ಹೊಸ ಟ್ರ್ಯಾಕ್ಟರು, ಮಕ್ಕಳಿಗೆ ಧಾರವಾಡದ ಕಾಲೇಜು ಎಲ್ಲ ಈ ಬೆಳೆಯಿಂದ ಬಂತು. ಹುಲಕೋಟಿಯಲ್ಲಿ ಕೆ. ಎಚ್. ಪಾಟೀಲರ ನಾಯಕತ್ವದಲ್ಲಿ ಎದ್ದ ಸಹಕಾರಿ ನೂಲಿನ ಗಿರಣಿ ಈ ಹುಮ್ಮಸ್ಸಿನ ಕೂಸು: ನೂರು ವರ್ಷ ಬರೀ ಅರಳೆ ಮಾರಿದ ಸೀಮೆ ತಾನೇ ನೂಲು ತೆಗೆಯುವ ಮನಸ್ಸು ಮಾಡಿತ್ತು. ಹೂವಿನ ಕೇಸರ ಚಿವುಟಿ, ಮರುದಿನ ಮುಂಜಾನೆ ಪರಾಗ ಮುಟ್ಟಿಸುವ ಬೀಜೋತ್ಪಾದನೆಯಂತೂ ರಾಣೇಬೆನ್ನೂರು ಕಡೆಯ ಹಳ್ಳಿಗಳಿಗೆ ಹೊಸ ಉದ್ದಿಮೆಯೇ ಆಯಿತು. ಅಲ್ಲಿಯೂ ಬೆರಳುಗಳು ಹೆಣ್ಣುಮಕ್ಕಳವು, ಎಷ್ಟೋ ಕಡೆ ಶಾಲೆ ಬಿಟ್ಟ ಹುಡುಗಿಯರವು.

ಈ ಹುಮ್ಮಸ್ಸು ಬಹಳ ಕಾಲ ನಿಲ್ಲಲಿಲ್ಲ. ಔಷಧಿ, ಗೊಬ್ಬರದ ಖರ್ಚು ಏರಿತು, ಕಾಯಿಕೊರಕ ಹೆಚ್ಚಿತು, ದರ ಕುಸಿಯಿತು. ಇದರ ಮೇಲೆ ನೀರಾವರಿಯ ಅಭಿವೃದ್ಧಿ ಕರ. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಬೀದಿಗಿಳಿದು ಗೋಲಿಬಾರಿನಲ್ಲಿ ಜೀವ ತೆತ್ತದ್ದಕ್ಕೆ ಕರವೊಂದೇ ಕಾರಣ ಎನ್ನುವವರು ಆ ವರ್ಷದ ಹತ್ತಿ ಧಾರಣೆಯನ್ನು ನೋಡಿಲ್ಲ. 1981ರಲ್ಲಿ ಬಂದ 'ಜಯಲಕ್ಷ್ಮಿ' ಇನ್ನಷ್ಟು ವರ್ಷ ಪೇಟೆಯನ್ನು ಎತ್ತಿ ಹಿಡಿಯಿತು. 2002ರ ನಂತರ ಬಿಟಿ ಬೀಜದ ಪೊಟ್ಟಣ ಬಂತು; ಸುಮಾರು ಹತ್ತು ವರ್ಷದಲ್ಲಿ ಉಳಿದದ್ದೆಲ್ಲ ಬದಿಗೆ ಸರಿಯಿತು. ಈ ಘಟ್ಟದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಬೀಜ ಆರಿಸುವ ವಿದ್ಯೆ ರೈತನ ಕೈಯಿಂದಲೂ ಸರಕಾರಿ ಫಾರ್ಮಿನಿಂದಲೂ ಹೊರಟುಹೋಯಿತು, ಅಷ್ಟೇ.

ಇಷ್ಟರಲ್ಲಿ ಕುಮಟಾ ಸುಮ್ಮನೆ ಕೂತಿರಲಿಲ್ಲ. ಹತ್ತಿ ಬಿಟ್ಟು ಹೋದ ಮೇಲೆ ಆ ತಾಲೂಕು ತನ್ನದೇ ಹೊಳೆಗೆ ತಿರುಗಿತು. ಸಾಣಿಕಟ್ಟೆಯ ಉಪ್ಪಿನ ಆಗರಗಳು, ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಭತ್ತದ ಗಜನಿಗಳು, ಅಲ್ವೆಕೋಡಿಯ ಸಿಹಿ ಈರುಳ್ಳಿ, ತದಡಿಯ ಮೀನುಗಾರಿಕೆ, ಇಳಿತದ ಹೊತ್ತಿಗೆ ಅಘನಾಶಿನಿಯ ಕೆಸರಿನಿಂದ ಹೆಕ್ಕುವ ಬೆಳಚು ಎಂಬ ಚಿಪ್ಪುಮೀನು, ಇವುಗಳಲ್ಲಿ ಒಂದಕ್ಕೂ ಘಟ್ಟದ ಮೇಲಿನ ಸರಕು ಬೇಕಿಲ್ಲ. ತದಡಿಯಲ್ಲಿ ದೊಡ್ಡ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬರುತ್ತದೆ ಎಂದಾಗ ಅಲ್ಲಿನವರು ತಡೆದು ನಿಂತದ್ದು ಈ ಬಾಳನ್ನು ಉಳಿಸಿಕೊಳ್ಳಲು. 2024ರ ಜನವರಿಯಲ್ಲಿ ಅಘನಾಶಿನಿಯ ಅಳಿವೆ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಅದೇ ದಿನ ಅದೇ ಪಟ್ಟಿಗೆ ಶಿರಹಟ್ಟಿ ಸೀಮೆಯ ಮಾಗಡಿ ಕೆರೆಯೂ ಸೇರಿತು. ಇಂಥ ತಾಲೂಕನ್ನು 'ಸತ್ತ ಬಂದರು' ಎಂದು ಕರೆಯುವವರು ಹಡಗುಗಳನ್ನು ಮಾತ್ರ ಎಣಿಸುತ್ತಾರೆ.

ಬಂದರು ಬೆಳೆದರೆ ಒಳನಾಡು ಬೆಳೆಯುತ್ತದೆ ಎಂಬ ಮಾತನ್ನು ನಾವು ಒಮ್ಮೆ ಕಣ್ಣಾರೆ ಪರೀಕ್ಷಿಸಿದ್ದೇವೆ. 2010ರ ಹಿಂದಿನ ಕೆಲವು ವರ್ಷ ಬಳ್ಳಾರಿ, ಹೊಸಪೇಟೆಯ ಅದಿರು ಲಾರಿಗಳು ಗದಗು, ಹುಬ್ಬಳ್ಳಿ ಹಾದು ಅಂಕೋಲೆಯ ಬೇಲೇಕೇರಿಗೆ ಹಗಲು ರಾತ್ರಿ ಹರಿದವು. ಜಪ್ತಿ ಮಾಡಿದ ಅದಿರೇ ಅಲ್ಲಿಂದ ಕಾಣೆಯಾದ ಪ್ರಕರಣ ಎಲ್ಲರಿಗೂ ಗೊತ್ತು. ರಸ್ತೆ ಬದಿಯ ನಮ್ಮ ಹೊಲಗಳ ಹತ್ತಿ, ಜೋಳದ ಮೇಲೆ ಕೂತ ಕೆಂಪು ಧೂಳಿನ ಹೊರತು ಆ ಸಾಗಣೆಯಿಂದ ಈ ಸೀಮೆಯಲ್ಲಿ ಒಂದು ಉದ್ದಿಮೆ ನಿಂತದ್ದನ್ನು ನಾನು ಕಾಣೆ. 1860ರ ಚಕ್ಕಡಿ ದಾರಿಯಲ್ಲಿ ಹಳ್ಳಿ ಹಳ್ಳಿಗೂ ಕೂಲಿ ಇತ್ತು, ಏಕೆಂದರೆ ಸರಕು ಹೊರಡುವ ಮೊದಲು ಇಲ್ಲಿಯೇ ಹತ್ತು ಕೈ ದಾಟುತ್ತಿತ್ತು. ಬಂದರು ಯೋಜನೆಗಳ ವರದಿಗಳಲ್ಲಿ ಹಡಗಿನ ಆಳ, ರಸ್ತೆಯ ಅಗಲ ಇರುತ್ತವೆ. ಈ ಹತ್ತು ಕೈಗಳ ಪುಟ ಇರುವುದಿಲ್ಲ.

ಹತ್ತಿಯ ಚರಿತ್ರೆಯಲ್ಲೂ ಆ ಪುಟ ಬರೆಯುವುದು ಬಾಕಿಯಿದೆ. ಕಲೆಕ್ಟರರ ಪತ್ರ, ಮುಂಬಯಿಯ ರಫ್ತಿನ ಅಂಕಿ, ತಳಿ ವಿಜ್ಞಾನಿಗಳ ವರದಿ ಸಿಗುತ್ತವೆ. ಸಲಾಕೆ ಉರುಳಿಸಿದವರ ಕೂಲಿ ಎಷ್ಟು, ಕಾಳು ಯಾರಿಗೆ ಹೋಗುತ್ತಿತ್ತು, ಜಿನ್ನು ಬಂದ ಮೇಲೆ ಅವರು ಯಾವ ಕೆಲಸ ಹಿಡಿದರು, ಘಟ್ಟ ಇಳಿದ ಗಾಡಿಯವರು ಯಾರು, ಇವುಗಳ ಉತ್ತರ ಗದಗು, ಲಕ್ಷ್ಮೇಶ್ವರದ ಹಳೆಯ ಅಡತಿ ಮನೆಗಳ ಕೀರ್ದಿ ಪುಸ್ತಕಗಳಲ್ಲೂ ಕುಮಟಾದ ಹಳೆಯ ಮಂಡಿಗಳ ಲೆಕ್ಕದಲ್ಲೂ ಚದುರಿದೆ. ಬಹಳಷ್ಟು ಮೋಡಿ ಲಿಪಿಯಲ್ಲಿದೆ. ಅದನ್ನು ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಹೊಲದಲ್ಲಿ ಜಯಧರ ಇನ್ನೂ ಅಲ್ಲಲ್ಲಿ ಉಳಿದಿದೆ. ಬೆಳೆದವನು ಪೇಟೆಗೆ ತಂದರೆ ಅದನ್ನು ಬೇರೆಯಾಗಿಟ್ಟು ಕಾಳು ತೆಗೆಯುವ ಜಿನ್ನು ಸಿಗುವುದು ಕಷ್ಟ, ಉದ್ದ ಎಳೆಯ ಬಿಟಿ ಹತ್ತಿಯ ರಾಶಿಯಲ್ಲಿ ಕೂಡಿಹೋಗಿ ಕೆಳದರ್ಜೆಯ ದರ ಪಡೆಯುತ್ತದೆ. ಕಡಲ ತೀರದಲ್ಲಿ ಕೋಟಿಗಳ ಧಕ್ಕೆ ಕಟ್ಟುವ ಮೊದಲು ಜಯಧರಕ್ಕಾಗಿಯೇ ಮೀಸಲಾದ ಒಂದು ಸಣ್ಣ ರೋಲರ್ ಜಿನ್ನನ್ನು ಗದಗಿನಲ್ಲಿ ನಡೆಸಲು ಎಷ್ಟು ಬೇಕು ಎಂಬ ಅಂದಾಜನ್ನು ಮಾರುಕಟ್ಟೆ ಸಮಿತಿಯೂ ಕೃಷಿ ವಿಶ್ವವಿದ್ಯಾಲಯವೂ ಕೂಡಿ ಮಾಡಲಿ. ಆ ಕೀರ್ದಿ ಪುಸ್ತಕಗಳನ್ನು ಓದಿಸುವ ಕೆಲಸ ಈ ಹಂಗಾಮಿನಲ್ಲೇ ಸುರುವಾಗಲಿ.