ವಲಯ ಶುದ್ಧೀಕರಣ

ಅರಣ್ಯ ವಲಯ, ರೈಲ್ವೆ ವಲಯ ಎಂದು ಕೇಳಿ ಪಳಗಿದ ಕಿವಿಗೆ ರಸಾಯನಶಾಸ್ತ್ರದ ಈ ಪದ ಕಚೇರಿಯ ಕಡತದಂತೆ ಕೇಳಿಸೀತು. ಆದರೆ ಸಂಸ್ಕೃತದ ‘ವಲಯ’ ಮೂಲತಃ ಬಳೆ, ಕಡಗ. ಇದರ ಇಂಗ್ಲಿಷ್ ಹೆಸರಿನಲ್ಲಿರುವ, ಗ್ರೀಕ್ ಮೂಲದ ‘ಝೋನ್’ ಸೊಂಟಪಟ್ಟಿ. ಎರಡೂ ಇಲ್ಲಿ ಅಕ್ಷರಶಃ ಒಪ್ಪುತ್ತವೆ.

ಅಮೆರಿಕದ ಬೆಲ್ ಪ್ರಯೋಗಾಲಯದ ವಿಲಿಯಂ ಫ್ಯಾನ್ 1952ರಲ್ಲಿ ಪ್ರಕಟಿಸಿದ ವಿಧಾನ ಇದು. ಜರ್ಮೇನಿಯಂ ಸರಳಿನ ಸುತ್ತ ಉಂಗುರದಂಥ ಹೀಟರ್ ಮೆಲ್ಲಗೆ ಸರಿಯುತ್ತದೆ. ಅದರ ಕಾವಿಗೆ ಸಿಕ್ಕ ಭಾಗವಷ್ಟೇ ಕರಗಿ, ಹಿಂದೆ ಮತ್ತೆ ಹೆಪ್ಪುಗಟ್ಟುತ್ತದೆ. ಬಹುತೇಕ ಕಲ್ಮಶಗಳಿಗೆ ಘನಕ್ಕಿಂತ ದ್ರವವೇ ಇಷ್ಟ; ಕರಗಿದ ವಲಯದ ಜೊತೆಗೇ ತುದಿಗೆ ಸಾಗುತ್ತವೆ. ಹೀಗೆ ಹಲವು ಸುತ್ತು. ಹೀಗೆ ಹಲವು ಸುತ್ತು. ಕಣ್ಣಿಡಬೇಕಾದದ್ದು ವಲಯದ ಅಗಲ ಮತ್ತು ವೇಗದ ಮೇಲೆ: ಅವಸರಪಟ್ಟರೆ ಕಲ್ಮಶ ಘನದೊಳಗೇ ಸಿಕ್ಕಿಬೀಳುತ್ತದೆ.