ಸಂಕಮ್ಮನ ದುಃಖ, ಗಂಡಸರ ದನಿ

ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಯಲ್ಲಿರೋ ತೆರಕಣಾಂಬಿಯಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಆರ್ಟ್ ಥೆರಪಿ.

ಈ ಪದ ಬಂದಿದ್ದು ಇಂಗ್ಲೆಂಡಿನಿಂದ. 1938ರಲ್ಲಿ ಏಡ್ರಿಯನ್ ಹಿಲ್ ಅನ್ನೋ ಚಿತ್ರಕಾರ ಕ್ಷಯರೋಗದಿಂದ ಸ್ಯಾನಟೋರಿಯಂ ಸೇರಿದ್ರು. ಹಾಸಿಗೆಯಲ್ಲೇ ಚಿತ್ರ ಬರೆದ್ರು, ಆಮೇಲೆ ಬೇರೆ ರೋಗಿಗಳ ಕೈಯಲ್ಲೂ ಬರೆಸಿದ್ರು. 1942ರಲ್ಲಿ ಅದಕ್ಕೆ ಹೆಸರಿಟ್ರು. ಅಷ್ಟೇ.

ನಮ್ಮ ಕಡೆ ಹೆಸರಿಲ್ಲದೇ ನಡೆದಿದ್ದನ್ನ ಕೇಳಿ. ಮಲೆ ಮಾದೇಶ್ವರನ ಕಾವ್ಯದಲ್ಲಿ ‘ಸಂಕಮ್ಮನ ಸಾಲು’ ಅಂತ ಒಂದು ಭಾಗ ಇದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡ್ತಾನೆ. ಹೊರಡೋ ಮುಂಚೆ ಹೆಂಡತಿ ಸಂಕಮ್ಮನ ಹತ್ರ ಶೀಲದ ಬಗ್ಗೆ ಭಾಷೆ ಕೇಳ್ತಾನೆ. ಅವಳು ಕೊಡಲ್ಲ. ತಪ್ಪೇ ಮಾಡದವಳು ಯಾಕೆ ಆಣೆ ಇಡಬೇಕು? ಅದಕ್ಕೆ ಅವಳನ್ನ ಹಿಂಸೆ ಮಾಡಿ, ಕಟ್ಟಿಹಾಕಿ ಹೋಗ್ತಾನೆ. ಕೊನೆಗೆ ಕಾಪಾಡೋಕೆ ಮಾದಪ್ಪನೇ ಬರಬೇಕು. ಮಕ್ಕಳ ವರ ಕೊಡ್ತಾನೆ. ಗಂಡ ವಾಪಸ್ ಬಂದ ಮೇಲೆ ಮತ್ತೆ ಅದೇ ಅನುಮಾನ!

ಇದನ್ನ ಹಾಡೋರು ಕಂಸಾಳೆ ಹಿಡಿದ ದೇವರಗುಡ್ಡರು. ಪರಂಪರೆಯಿಂದ ಗಂಡಸರು. ಇಲ್ಲೇ ನನಗೆ ಆಶ್ಚರ್ಯ ಆಗೋದು. ಹೆಂಗಸಿನ ನೋವನ್ನ ಗಂಡಸರು ದನಿಯೆತ್ತಿ ಹಾಡ್ತಾರೆ, ಹಿಮ್ಮೇಳ ಸೊಲ್ಲು ಹಿಡಿಯುತ್ತೆ, ಊರೆಲ್ಲ ಕೂತು ಕೇಳುತ್ತೆ. ಮನೆಯೊಳಗೆ ಬಾಯಿಬಿಟ್ಟು ಹೇಳೋಕಾಗದ ಮಾತು ಜಗಲಿ ಮೇಲೆ ಜೋರಾಗಿ ಕೇಳಿಸುತ್ತೆ. ‘ನನ್ನ ಕಥೆನೂ ಇದೇ’ ಅಂತ ಯಾರೂ ಎದ್ದು ನಿಂತು ಹೇಳಬೇಕಿಲ್ಲ. ಸಂಕಮ್ಮನಿಗೆ ಅಳ್ತಿದ್ದೀನಿ ಅಂದರೆ ಸಾಕು.

ಹಾಗಂತ ಇದನ್ನ ಚಿಕಿತ್ಸೆ ಅನ್ನೋಕೆ ನಾನು ತಯಾರಿಲ್ಲ. ದೇವರಗುಡ್ಡರಿಗೆ ಇದು ಭಕ್ತಿ, ಹರಕೆ, ಹೊಟ್ಟೆಪಾಡು. ಬಿಕಾಂ ಓದಿದವನ ಲೆಕ್ಕದಲ್ಲಿ ಹೇಳೋದಾದ್ರೆ, ಹಾಡು ಮುಗಿದ ಮೇಲೂ ಅನುಮಾನದ ಗಂಡ ಮನೆಯ ಖಾತೆಯಲ್ಲೇ ಇರ್ತಾನೆ. ಹಾಡು ನೋವಿಗೆ ಭಾಷೆ ಕೊಡುತ್ತೆ, ಆದರೆ ಬೀಳೋ ಏಟನ್ನ ತಡೆಯಲ್ಲ.

ಹೆಂಗಸರಿಗೆ ಅವರದೇ ಹಾಡೂ ಇತ್ತು, ರಾಗಿಕಲ್ಲಿನ ಮುಂದೆ. ತೌರಿನ ನೆನಪು, ಅತ್ತೆ ಮೇಲಿನ ಸಿಟ್ಟು, ಎಲ್ಲ ಅಲ್ಲೇ ಹೊರಗೆ ಬರೋದು. ಉತ್ತರ ಕರ್ನಾಟಕದಲ್ಲಿ ಹಲಸಂಗಿ ಗೆಳೆಯರು ಇಂಥ ಪದಗಳನ್ನ ಕೂಡಿಸಿ 1931ರಲ್ಲೇ ‘ಗರತಿಯ ಹಾಡು’ ಪುಸ್ತಕ ತಂದ್ರು. ಆಮೇಲೆ ಮಿಲ್ಲು ಬಂತು, ರಟ್ಟೆಗೆ ಬಿಡುವು ಸಿಕ್ಕಿತು. ಬೀಸುವಾಗ ಸಿಗ್ತಿದ್ದ ಆ ಹೊತ್ತು, ಪಕ್ಕದಲ್ಲಿ ಸೊಲ್ಲು ಹಿಡಿಯೋ ಇನ್ನೊಬ್ಬಳು, ಎರಡೂ ಹೋದವು.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ರೆ, ಆ ಪದಗಳನ್ನ ಕೇಳಿ ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಒಪ್ಪಿಗೆ ತಗೊಂಡು. ಇನ್ನು ಕೇಳ್ತಿರೋ ನಿಮಗೇ ಮನಸ್ಸು ತೀರಾ ಭಾರ ಆಗಿದ್ರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.